‘ಕಟ್ ಮಾಡು’ ಒಂದೇ ಸಾಕೇ? ಮಕ್ಕಳಿಗೆ ಪದಗಳ ಬುತ್ತಿ ಕಟ್ಟುವುದು ಹೀಗೆ

ಬದನೆಕಾಯಿ ಕಟ್ ಮಾಡು. ದಾರ ಕಟ್ ಮಾಡು. ಕಬ್ಬು ಕಟ್ ಮಾಡು. ಕಲಬುರಗಿಯ ನಮ್ಮ ಓಣಿಯಲ್ಲಿ ನಿಂತು ಕೇಳಿದರೆ ಮಕ್ಕಳ ಬಾಯಲ್ಲಿ ಈಗ ಇಷ್ಟೂ ಕೆಲಸಕ್ಕೆ ಒಂದೇ ಮಾತು. ಅದೇ ಮನೆಯ ಅಜ್ಜಿಯನ್ನು ಕೇಳಿ ನೋಡಿ: ಬದನೆಕಾಯಿ ಹೆಚ್ಚಬೇಕು, ದಾರ ಹರಿಯಬೇಕು, ಕಬ್ಬು ಕಡಿಯಬೇಕು, ಕಟ್ಟಿಗೆ ಸೀಳಬೇಕು, ಕಡಕ್ ರೊಟ್ಟಿ ಮುರಿಯಬೇಕು, ತೆಂಗಿನಕಾಯಿ ಒಡೆಯಬೇಕು, ಹಸಿ ತೊಗರಿಕಾಯಿ ಸುಲಿಯಬೇಕು. ಏಳು ಕೆಲಸಕ್ಕೆ ಏಳು ಪದ. ಇವೆಲ್ಲ ಮನೆಯಲ್ಲೇ ಇದ್ದೂ ಮಗುವಿನ ಕೈಗೆ ಸಿಗದೆ ಹೋಗುತ್ತಿವೆ ಎಂಬುದೇ ನನ್ನ ಸಂಕಟ.

ಪದಸಂಪತ್ತು ಬೆಳೆಯಲಿ ಎಂದು ಅನೇಕ ತಂದೆತಾಯಿಗಳು ಗೋಡೆಗೆ ಚಾರ್ಟ್ ಹಚ್ಚಿ, ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆ ಮುಗಿದ ಮರುದಿನ ಹತ್ತೂ ಮರೆತುಹೋಗುತ್ತವೆ. ಆ ಪದಗಳಿಗೆ ಮಗುವಿನ ದಿನಚರಿಯಲ್ಲಿ ಕೆಲಸವೇ ಇರುವುದಿಲ್ಲವಲ್ಲ! ಪ್ರಾಥಮಿಕ ಶಾಲೆಯಲ್ಲಿ ಹಲವು ವರ್ಷ ಕಲಿಸಿದ ಮೇಲೆ ನಾನು ನಂಬಿರುವುದು ಇಷ್ಟು: ಕ್ರಿಯಾಪದಗಳಿಂದ ಆರಂಭಿಸಿ, ಮನೆಯೊಳಗಿನ ಕೆಲಸದಿಂದ ಆರಂಭಿಸಿ.

ಮೊದಲು ಒಲೆಯ ಮುಂದೆ

ರೊಟ್ಟಿ ಮಾಡುವಾಗ ಮಗುವನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಕೈ ಮಾಡುವ ಕೆಲಸವನ್ನು ಬಾಯಿ ಹೇಳುತ್ತಿರಲಿ. ಎಸರು ಕುದಿಯುತ್ತಿದೆ. ಹಿಟ್ಟಿಗೆ ಹಾಕಿ ನಾದುತ್ತಿದ್ದೇನೆ. ಈಗ ಬಡಿಯುತ್ತೇನೆ. ಹಂಚು ಕಾದಿದೆ. ಮೇಲೆ ನೀರು ಸವರುತ್ತೇನೆ, ತಿರುವಿ ಹಾಕುತ್ತೇನೆ, ನೋಡು, ಉಬ್ಬಿತು. ಹತ್ತು ನಿಮಿಷದ ಈ ಕೆಲಸದಲ್ಲಿ ಎಂಟು ಪದಗಳು ಬಂದುಹೋದವು. ಯಾವುದಕ್ಕೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ, ಅರ್ಥ ಕಣ್ಣೆದುರಿಗೇ ಇತ್ತು.

‘ಕ್ಲೀನ್ ಮಾಡು’ ಎಂಬ ಮಾತಿಗೂ ಹೀಗೆಯೇ ಬಿಡುವು ಕೊಡಿ. ಜೋಳ ಹಸನು ಮಾಡುತ್ತೇವೆ, ಮೊರದಲ್ಲಿ ಕೇರುತ್ತೇವೆ, ಹಿಟ್ಟು ಸಾಣಿಸುತ್ತೇವೆ, ಅಂಗಳ ಗುಡಿಸುತ್ತೇವೆ, ನೆಲ ಸಾರಿಸುತ್ತೇವೆ, ಫರಸಿ ಕಲ್ಲು ಒರೆಸುತ್ತೇವೆ, ತಾಮ್ರದ ಬಿಂದಿಗೆ ಬೆಳಗುತ್ತೇವೆ. ಒಂದೊಂದು ಕೆಲಸದಲ್ಲೂ ಕೈ ಬೇರೆ ರೀತಿ ಆಡುತ್ತದೆ; ಆ ವ್ಯತ್ಯಾಸವನ್ನು ಮಗು ಪದದ ಜೊತೆಗೇ ಹಿಡಿಯುತ್ತದೆ.

ಒಂದೇ ಸಲ ಕಿವಿಗೆ ಬಿದ್ದ ಪದ ನಿಲ್ಲುವುದಿಲ್ಲ. ಅದು ಬೇರೆ ಬೇರೆ ಜಾಗದಲ್ಲಿ ಮತ್ತೆ ಎದುರಾಗಬೇಕು. ರೊಟ್ಟಿಯ ಮೇಲೆ ನೀರು ‘ಸವರಿದ’ ದಿನವೇ ರಾತ್ರಿ ಮಗುವಿನ ಬೆನ್ನು ಸವರುತ್ತಾ ಅದೇ ಪದ ಹೇಳಿ. ಎರಡು ದಿನ ಬಿಟ್ಟು ಗಾಯಕ್ಕೆ ಮುಲಾಮು ಹಚ್ಚುವಾಗ ಇನ್ನೊಮ್ಮೆ ಬರಲಿ. ಮಗು ಆ ಪದವನ್ನು ತಾನೇ ಆಡಲು ವಾರಗಳೇ ಹಿಡಿಯಬಹುದು. ಅರ್ಥವಾಗುವುದು ಮೊದಲು, ಆಡಲು ಬರುವುದು ಆಮೇಲೆ. ಈ ನಡುವಿನ ಅವಧಿಯಲ್ಲಿ ‘ಹೇಳು, ಹೇಳು’ ಎಂದು ಒತ್ತಾಯಿಸಬೇಡಿ.

ತಿದ್ದುವ ಬದಲು ಸೇರಿಸಿ

ಮಗು ‘ಅಮ್ಮಾ, ನೀರು ಬಿತ್ತು’ ಎನ್ನುತ್ತದೆ. ‘ಹಾಗಲ್ಲ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಹೌದಾ, ಕೊಡ ವಾಲಿ ನೀರು ಚೆಲ್ಲಿತೇ?’ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ, ಎರಡು ಪದಗಳೂ ಸೇರುತ್ತವೆ. ಇನ್ನೊಂದು ದಿನ ನಲ್ಲಿ ತೊಟ್ಟಿಕ್ಕುತ್ತದೆ, ಮಾಳಿಗೆ ಸೋರುತ್ತದೆ, ಹಾಲು ಉಕ್ಕುತ್ತದೆ, ತುಂಬಿದ ಬಿಂದಿಗೆ ತುಳುಕುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಾವು ಹಿರಿಯರು ಅಷ್ಟೂ ಕಾಯದೆ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ.

ಮನೆಯ ಪದ ತಪ್ಪಲ್ಲ

ಇದನ್ನು ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಒಮ್ಮೆ ಮೂರನೇ ತರಗತಿಯ ಹುಡುಗನೊಬ್ಬ ಕೋಳಿಮೊಟ್ಟೆಯ ಚಿತ್ರದ ಪಕ್ಕದಲ್ಲಿ ‘ತತ್ತಿ’ ಎಂದು ಬರೆದಿದ್ದ. ಪುಸ್ತಕದಲ್ಲಿ ‘ಮೊಟ್ಟೆ’ ಎಂದಿದ್ದುದರಿಂದ ಅವನ ಉತ್ತರಕ್ಕೆ ಕೆಂಪು ಶಾಯಿಯ ಗೀಟು ಬಿತ್ತು. ಆ ವರ್ಷವಿಡೀ ಅವನು ತರಗತಿಯಲ್ಲಿ ತಾನಾಗಿ ಬಾಯಿ ತೆರೆದದ್ದನ್ನು ನಾನು ಕಾಣಲಿಲ್ಲ. ತತ್ತಿ ಕನ್ನಡದ್ದೇ ಪದ. ಉಳ್ಳಾಗಡ್ಡಿ, ಕಸಬರಿಗೆ, ಮುಂಜಾನೆ ಕೂಡ ಹಾಗೆಯೇ. ಈರುಳ್ಳಿ, ಪೊರಕೆ, ಬೆಳಿಗ್ಗೆ ಎಂಬ ಪದಗಳು ಅವುಗಳ ಜಾಗ ಕಸಿದುಕೊಳ್ಳಬೇಕಿಲ್ಲ, ಪಕ್ಕದಲ್ಲಿ ಕುಳಿತರೆ ಸಾಕು. ನೋಟ್‌ಬುಕ್ಕಿನ ಎಡಪುಟದಲ್ಲಿ ಮನೆಯ ಪದ, ಬಲಪುಟದಲ್ಲಿ ಪುಸ್ತಕದ ಪದ ಬರೆಸಿ. ಶೇಂಗಾದ ಎದುರು ಕಡಲೆಕಾಯಿ, ದವಾಖಾನೆಯ ಎದುರು ಆಸ್ಪತ್ರೆ. ಮಗುವಿನ ಲೆಕ್ಕದಲ್ಲಿ ಇದು ಎರಡೆರಡು ಪದಗಳ ಲಾಭ.

ದವಾಖಾನೆ ಬಂದದ್ದು ಎಲ್ಲಿಂದ ಎಂದು ಮಗು ಕೇಳಿದರೆ ಅದೂ ಒಂದು ಒಳ್ಳೆಯ ಕಥೆ. 1948ರವರೆಗೆ ಈ ಭಾಗ ಹೈದರಾಬಾದಿನ ನಿಜಾಮರ ಆಡಳಿತದಲ್ಲಿತ್ತು, ಕಚೇರಿಯ ಭಾಷೆ ಉರ್ದುವಾಗಿತ್ತು. ಪಕ್ಕದ ಮನೆಯಲ್ಲಿ ಉರ್ದು, ಸಂಬಂಧಿಕರ ಮನೆಯಲ್ಲಿ ಮರಾಠಿಯೋ ತೆಲುಗೋ ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ ಒಂದೇ ವಸ್ತುವಿಗೆ ಹಲವು ಹೆಸರಿರುವುದು ಹೊಸದಲ್ಲ. ಆ ಚುರುಕುತನವನ್ನು ಗೊಂದಲ ಎಂದು ತಿಳಿದು ಅದುಮಬೇಡಿ.

ಒಂದು ಬೇರು, ಹಲವು ಚಿಗುರು

ಎಂಟು ವರ್ಷ ದಾಟಿದ ಮಕ್ಕಳಿಗೆ ಇದು ಬಸ್ಸಿನಲ್ಲಿ ಆಡುವ ಆಟ. ನೀವು ‘ನಂಬು’ ಎನ್ನಿ, ಮಗು ‘ನಂಬಿಕೆ’ ಎನ್ನಲಿ. ಕಲಿ, ಕಲಿಕೆ. ಬೇಡು, ಬೇಡಿಕೆ. ಹೆದರು, ಹೆದರಿಕೆ. ಸ್ವಲ್ಪ ಹೊತ್ತಿಗೆ ಮಗು ‘ಓಡಿಕೆ’ ಎಂದು ತಾನೇ ಒಂದು ಪದ ಕಟ್ಟುತ್ತದೆ. ನಗಬೇಡಿ, ಭಾಷೆಯ ನಿಯಮ ಅದಕ್ಕೆ ತಿಳಿಯಿತು ಎಂಬುದರ ಗುರುತು ಅದು. ‘ಹಾಗೂ ಆಗಬಹುದಿತ್ತು, ಆದರೆ ನಾವು ಓಟ ಎನ್ನುತ್ತೇವೆ’ ಎಂದು ಹೇಳಿ ಇನ್ನೊಂದು ಸಾಲು ಆರಂಭಿಸಿ: ಆಡು, ಆಟ. ನೋಡು, ನೋಟ. ಕೂಡು, ಕೂಟ.

ಬಸವಕಲ್ಯಾಣ ನಮಗೆ ದೂರವಲ್ಲ. ಅಲ್ಲಿಗೆ ಹೋದಾಗ ಶರಣರ ಹೆಸರುಗಳನ್ನೇ ಬಿಡಿಸಿ ತೋರಿಸಿ. ನುಲಿ ಎಂದರೆ ಹುರಿ ಹೊಸೆಯುವುದು, ಹಗ್ಗ ಮಾಡುತ್ತಿದ್ದವರು ನುಲಿಯ ಚಂದಯ್ಯ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ, ಅದನ್ನು ಹೊತ್ತು ಮಾರಿದವರು ಮೋಳಿಗೆಯ ಮಾರಯ್ಯ. ಹಡಪದ ಅಪ್ಪಣ್ಣನವರ ಹೆಸರಿನಲ್ಲಿರುವ ಹಡಪ ಎಂದರೆ ಎಲೆ ಅಡಿಕೆಯ ಚೀಲ. ಆಯ್ದ ಅಕ್ಕಿಯೇ ಆಯ್ದಕ್ಕಿ, ಲಕ್ಕಮ್ಮನವರ ಹೆಸರಿನ ಮುಂದೆ ಇರುವುದು ಅದೇ. ಮಗು ದಿನವೂ ಕೇಳುವ ಹೆಸರಿನೊಳಗಿಂದ ಒಂದು ಕಾಯಕವೂ ಒಂದು ಪದವೂ ಎದ್ದು ಬಂದಾಗ ಅದರ ಕಣ್ಣು ಅರಳುವುದನ್ನು ನೋಡಬೇಕು.

ಗಟ್ಟಿಯಾಗಿ ಓದುವಾಗ

ಪುಸ್ತಕದ ಭಾಷೆ ಮನೆಯ ಮಾತಿನಲ್ಲಿ ಬರುವುದಿಲ್ಲ, ಅದಕ್ಕೆ ಓದಿ ಹೇಳುವುದೇ ದಾರಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಒಂದು ಕಥೆಗೆ ಎರಡೇ ಪದ ಆರಿಸಿಕೊಳ್ಳಿ. ಪ್ರತಿ ಸಾಲಿಗೂ ನಿಲ್ಲಿಸಿದರೆ ಕಥೆ ಸಾಯುತ್ತದೆ. ಅರ್ಥವನ್ನು ಮಗುವಿನ ಮಾತಲ್ಲೇ ಹೇಳಿ: ‘ಹಿಂಜರಿದ ಎಂದರೆ, ಮೊನ್ನೆ ನೀನು ಬಾವಿಯ ಹತ್ತಿರ ಹೋಗಲು ಹಿಂದೆ ಮುಂದೆ ನೋಡಿದೆಯಲ್ಲ, ಹಾಗೆ.’ ಮರುದಿನ ಅದೇ ಕಥೆಯನ್ನು ಮತ್ತೆ ಓದಿ, ಮಗು ಬೇಸರಪಡುವುದಿಲ್ಲ. ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. ಓದಲು ಬಾರದ ತಾಯಿ, ಅಜ್ಜ ಚಿತ್ರ ನೋಡಿ ಕಥೆ ಕಟ್ಟಿ ಹೇಳಿದರೂ ಅದು ಪೂರ್ಣ ಪಾಠವೇ.

ಮೊಬೈಲ್ ಬಗ್ಗೆ ಒಂದೇ ಮಾತು: ಅದು ಹೇಳುತ್ತದೆ, ಆದರೆ ಮಗುವಿನ ಉತ್ತರಕ್ಕೆ ಕಾಯುವುದಿಲ್ಲ.

ಎರಡು ವರ್ಷ ತುಂಬಿದರೂ ಮಗು ‘ಅಮ್ಮ ಬಾ’, ‘ಹಾಲು ಕೊಡು’ ಎಂಬಂತೆ ಎರಡು ಪದ ಜೋಡಿಸದಿದ್ದರೆ, ಕರೆದರೆ ತಿರುಗದಿದ್ದರೆ, ಈ ಯಾವ ಆಟಕ್ಕೂ ಮುಂಚೆ ಕಿವಿ ತೋರಿಸಿ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶ್ರವಣ ದೋಷ, ಮಾತಿನ ವಿಳಂಬ ಎರಡನ್ನೂ ಗುರುತಿಸುತ್ತದೆ. ‘ತಡವಾಗಿ ಮಾತಾಡುತ್ತಾನೆ ಬಿಡು’ ಎಂದು ವರ್ಷಗಟ್ಟಲೆ ಕಾಯಬೇಡಿ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ

ವರ್ಷದಲ್ಲಿ ಒಂದು ದಿನವನ್ನಂತೂ ತಪ್ಪಿಸಬೇಡಿ. ಎಳ್ಳ ಅಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವಾಗ ನಗರದ ಮಕ್ಕಳನ್ನೂ ಕರೆದೊಯ್ಯಿರಿ. ಎರೆ ಭೂಮಿಯ ಬಿರುಕು, ಬದು, ಸಾಲು, ಜೋಳದ ದಂಟು, ತೆನೆ, ಕಣ, ಬಣವೆ, ಹೊಟ್ಟು, ಕೂರಿಗೆ, ಕುಂಟೆ. ಮುಟ್ಟಲಿ, ಮೂಸಲಿ, ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುವಾಗ ಒಂದು ಹಿಡಿ ಮಗುವಿನ ಕೈಯಲ್ಲೂ ಇರಲಿ. ಭಜ್ಜಿ, ಸಜ್ಜೆ ಕಡುಬು ಉಣ್ಣುವಾಗ ರುಚಿಯ ಪದಗಳನ್ನು ಆಡಿ: ಒಗರು, ಸಪ್ಪೆ, ಖಾರ, ಕಮ್ಮಗೆ.

ಸಂಜೆ ಮನೆಗೆ ಬಂದ ಮೇಲೆ, ಆ ದಿನ ಹೊಲಕ್ಕೆ ಬರಲಾಗದ ಯಾರಾದರೊಬ್ಬರಿಗೆ ಮಗುವೇ ಎಲ್ಲವನ್ನೂ ವಿವರಿಸಲಿ. ಪದ ಸಿಗದೆ ಕೈಸನ್ನೆ ಮಾಡಿದರೆ ಸುಮ್ಮನೆ ಕಾಯಿರಿ. ‘ಅದಕ್ಕೇನನ್ನುತ್ತಾರೆ?’ ಎಂದು ಅದೇ ನಿಮ್ಮ ಕಡೆ ತಿರುಗಿ ಕೇಳಿದಾಗ ಆ ಒಂದು ಪದವನ್ನು ಕೊಟ್ಟು, ಕಥೆ ಮುಂದುವರಿಯಲು ಬಿಡಿ.