ಮದ್ದಿನ ಸ್ಟ್ರಿಪ್ ಓದೋದು, ಪೇಟೆಂಟ್ ಹುಡುಕೋದು, ಉಳಿದ ಮಾತ್ರೆ ಬಾವಿಗೆ ಸೇರದ ಹಾಗೆ ಮಾಡೋದು: ಕಾಸರಗೋಡಿನವರಿಗೆ

ಮನೆಯ ಮದ್ದಿನ ಡಬ್ಬ ತೆಗೀರಿ, ಅಪ್ಪನದ್ದೋ ಅಮ್ಮನದ್ದೋ ದಿನಾ ತಗೊಳ್ಳುವ ಒಂದು ಮಾತ್ರೆಯ ಸ್ಟ್ರಿಪ್ ಕೈಯಲ್ಲಿ ಹಿಡ್ಕೊಂಡು ಹಿಂಬದಿ ತಿರುಗಿಸಿ. ಕೆಳಗೆ ಹೇಳುವ ಎಲ್ಲ ಕೆಲಸವೂ ಆ ಸ್ಟ್ರಿಪ್ಪಿಂದಲೇ ಶುರು. ಅದೇ ಮದ್ದು ಕಡಿಮೆಗೆ ಸಿಗ್ತದಾ ನೋಡೋದು, ಸಿಗದಿದ್ರೆ ಯಾರ ಪೇಟೆಂಟ್ ಅಡ್ಡ ಉಂಟು ಅಂತ ಹುಡುಕೋದು, ಮತ್ತೆ ಉಳಿದದ್ದು ನಮ್ಮ ಬಾವಿಯ, ಗುಡ್ಡ ಕೊರೆದು ನೀರು ತೆಗೆಯುವ ಸುರಂಗದ ನೀರಿಗೆ ಸೇರದ ಹಾಗೆ ನೋಡ್ಕೊಳ್ಳೋದು. ಸ್ವಲ್ಪ ದೊಡ್ಡ ಕಾಯಿಲೆ ಅಂದ್ರೆ ಮಂಗಳೂರಿಗೆ ಓಡುವ ನಮಗೆ, ಮಂಜೇಶ್ವರದಿಂದ ದೇಲಂಪಾಡಿ ತನಕ, ಈ ಮೂರೂ ಗೊತ್ತಿರ್ಲೇಬೇಕು.

ಮೊದಲು ಹೆಸರು. ಸ್ಟ್ರಿಪ್ಪಲ್ಲಿ ಎರಡು ಹೆಸರು ಇರ್ತದೆ, ಒಂದು ಕಂಪೆನಿ ಇಟ್ಟ ಬ್ರಾಂಡ್ ಹೆಸರು, ಇನ್ನೊಂದು ಒಳಗಿರುವ ಮದ್ದಿನದ್ದೇ ಹೆಸರು, ಅದಕ್ಕೆ ಜೆನೆರಿಕ್ ಹೆಸರು ಅನ್ನೋದು. 2018ರಿಂದ ಜೆನೆರಿಕ್ ಹೆಸರನ್ನು ಬ್ರಾಂಡಿಗಿಂತ ಎರಡು ಫಾಂಟ್ ಸೈಜ್ ದೊಡ್ಡದಾಗಿ ಹಾಕ್ಬೇಕು ಅಂತ ರೂಲ್ ಉಂಟು, ಹಾಗಾಗಿ ಕಣ್ಣಿಗೆ ಬೀಳ್ತದೆ. ಅದನ್ನು ಎಷ್ಟು ಮಿಲಿಗ್ರಾಂ ಅಂತ ಸೇರಿಸಿ ಒಂದು ಪುಸ್ತಕದಲ್ಲಿ ಬರ್ದಿಡಿ, ಬ್ರಾಂಡ್ ಹೆಸರು ಮರೆತ್ರೂ ತೊಂದ್ರೆ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಮಾಡಿದವರು ಯಾರು, ಮಾರುವವರು ಯಾರು ಅಂತ ಬೇರೆ ಬೇರೆ ಇರ್ತದೆ, ಅದನ್ನೂ ಓದಿ. ಹಿಮಾಚಲದ ಬದ್ದಿಯಲ್ಲಿ ಯಾವುದೋ ಫ್ಯಾಕ್ಟರಿ ಮಾಡಿದ ಮಾತ್ರೆಯನ್ನು ಹೆಸರುವಾಸಿ ಕಂಪೆನಿ ತನ್ನ ಹೆಸರಲ್ಲಿ ಮಾರೋದು ಈ ಧಂದೆಯಲ್ಲಿ ಮಾಮೂಲು, ಬ್ರಾಂಡಿಗೆ ಎಷ್ಟು ಮರ್ಯಾದೆ ಕೊಡ್ಬೇಕು ಅಂತ ಆಗ ನಿಮಗೇ ಅಂದಾಜು ಸಿಗ್ತದೆ.

ಆ ಹೆಸರು ಇಟ್ಕೊಂಡು ಫೋನಲ್ಲಿ ಫಾರ್ಮಾ ಸಹಿ ದಾಮ್ ಅಂತ ಸರ್ಕಾರದ ಆ್ಯಪ್ ಹಾಕಿ ನೋಡಿ, ಬೇರೆ ಕಂಪೆನಿಗಳ ರೇಟು ಬರ್ತದೆ. ಆಮೇಲೆ ಕಡಿಮೆ ರೇಟಿಗೆ ಮದ್ದು ಕೊಡುವ ಜನೌಷಧಿ, ಕಾರುಣ್ಯ ಫಾರ್ಮಸಿ, ನೀತಿ ಮೆಡಿಕಲ್, ಈ ಮೂರು ಅಂಗಡಿಯಲ್ಲಿ ಕೇಳಿ. ಆದ್ರೆ ಡಾಕ್ಟ್ರು ಚೀಟಿಯಲ್ಲಿ ಬ್ರಾಂಡ್ ಹೆಸರು ಬರ್ದಿದ್ರೆ ಅಂಗಡಿಯವರು ಅದರ ಬದಲು ಇನ್ನೊಂದು ಕೊಡುವ ಹಾಗಿಲ್ಲ, ಕಾನೂನೇ ಹಾಗುಂಟು, ಅದಕ್ಕೆ ಅವರ ಹತ್ರ ಜಗಳ ಮಾಡಿ ಪ್ರಯೋಜನ ಇಲ್ಲ. ಡಾಕ್ಟ್ರ ಎದುರು ಕೂತಿರುವಾಗಲೇ "ಜೆನೆರಿಕ್ ಹೆಸರು ಬರ್ದು ಕೊಡ್ತೀರಾ ಡಾಕ್ಟ್ರೇ" ಅಂತ ಕೇಳ್ಬೇಕು. ಥೈರಾಯ್ಡ್, ಫಿಟ್ಸ್, ರಕ್ತ ತೆಳು ಮಾಡುವ ವಾರ್ಫರಿನ್, ಇವುಗಳ ಬ್ರಾಂಡನ್ನು ಮಾತ್ರ ತಿಂಗಳಿಗೊಂದು ಬದಲಿಸ್ಬೇಡಿ, ಡಾಕ್ಟ್ರಿಗೆ ಹೇಳದೆ ಅಂತೂ ಬೇಡವೇ ಬೇಡ.

ಕೆಲವು ಮದ್ದಿಗೆ ಎಲ್ಲಿ ಕೇಳಿದ್ರೂ ಅಗ್ಗದ್ದು ಸಿಗ್ಲಿಕ್ಕಿಲ್ಲ. ಅಲ್ಲಿ ಪೇಟೆಂಟ್ ಇರ್ಬಹುದು. ಪೇಟೆಂಟ್ ಅಂದ್ರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆ ಯಾರೂ ಮಾಡುವ ಹಾಗಿಲ್ಲ ಅನ್ನುವ ಹಕ್ಕು. ನಮ್ಮ 1970ರ ಕಾನೂನಲ್ಲಿ ಮದ್ದು ಮಾಡುವ ವಿಧಾನಕ್ಕೆ ಮಾತ್ರ ಪೇಟೆಂಟ್ ಇತ್ತು, ಮದ್ದಿಗೇ ಇರ್ಲಿಲ್ಲ, ಅದಕ್ಕೇ ಇಲ್ಲಿನ ಕಂಪೆನಿಗಳು ಬೇರೆ ದಾರಿಯಲ್ಲಿ ಅದೇ ಮದ್ದು ಮಾಡಿ ಕಡಿಮೆಗೆ ಕೊಟ್ಟವು, 2001ರಲ್ಲಿ ಸಿಪ್ಲಾ ಎಚ್‌ಐವಿಯ ಮೂರು ಮದ್ದನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡ್ತೇವೆ ಅಂದದ್ದು ಆ ಕಾನೂನಿನ ಬಲದಿಂದಲೇ. 2005ರಿಂದ ಮದ್ದಿಗೂ ಪೇಟೆಂಟ್ ಬಂತು. ಅದು ಮುಗಿದಾಗ ಏನಾಗ್ತದೆ ಅಂತ ನೋಡ್ಲಿಕ್ಕೆ ಎಂಪಾಗ್ಲಿಫ್ಲೋಜಿನ್ ಸಾಕು, ಸಕ್ಕರೆ ಕಾಯಿಲೆಯ ಈ ಮಾತ್ರೆ ಒಂದಕ್ಕೆ 60 ರೂಪಾಯಿ ಆಸುಪಾಸು ಇತ್ತು, 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಕೂಡ್ಲೇ ಬೇರೆ ಕಂಪೆನಿಯವರು ಐದಾರು ರೂಪಾಯಿಗೂ ತಂದ್ರು. ಹಾಗಾಗಿ ದುಬಾರಿ ಮಾತ್ರೆ ತಗೊಳ್ಳುವವರು ಅದರ ಪೇಟೆಂಟ್ ಯಾವಾಗ ಮುಗೀತದೆ ಅಂತ ತಿಳ್ಕೊಂಡಿರ್ಬೇಕು, ಮುಗಿದ ಮೇಲೂ ಹಳೇ ಚೀಟಿಯಲ್ಲೇ ಹಳೇ ರೇಟು ಕೊಡುವವರು ನಮ್ಮಲ್ಲಿ ತುಂಬ ಜನ ಇದ್ದಾರೆ, ನೋಡಿದ್ರೆ ಹೊಟ್ಟೆ ಉರೀತದೆ.

ಹುಡುಕೋದು ಹೀಗೆ. ಮೆಡ್ಸ್‌ಪಾಲ್ ಅಂತ ಒಂದು ವೆಬ್‌ಸೈಟ್ ಉಂಟು, ಮೆಡಿಸಿನ್ಸ್ ಪೇಟೆಂಟ್ ಪೂಲ್ ಅನ್ನುವ ಸಂಸ್ಥೆ ನಡೆಸೋದು, ದುಡ್ಡು ಬೇಡ. ಜೆನೆರಿಕ್ ಹೆಸರು ಹಾಕಿ, ದೇಶ ಇಂಡಿಯಾ ಅಂತ ಆರಿಸಿ, ಪೇಟೆಂಟ್ ಸಿಕ್ಕಿದೆಯಾ, ಅರ್ಜಿ ಮಾತ್ರ ಉಂಟಾ, ತಕರಾರು ನಡೀತಾ ಉಂಟಾ, ಯಾವಾಗ ಮುಗೀತದೆ ಅಂತ ತೋರಿಸ್ತದೆ. ಎಲ್ಲ ಮದ್ದೂ ಅದ್ರಲ್ಲಿ ಇಲ್ಲ, ಟಿಬಿ, ಎಚ್‌ಐವಿ, ಹೆಪಟೈಟಿಸ್, ಕ್ಯಾನ್ಸರ್, ಸಕ್ಕರೆಯ ಮುಖ್ಯವಾದವು ಸಿಗ್ತವೆ. ಅಲ್ಲಿ ಕಾಣುವ ಅರ್ಜಿ ನಂಬರ್ ತಗೊಂಡು ಭಾರತದ ಪೇಟೆಂಟ್ ಆಫೀಸಿನ ಇನ್‌ಪಾಸ್ ಸರ್ಚಲ್ಲಿ ಹಾಕಿದ್ರೆ ಅರ್ಜಿಯ ಕಾಗದಪತ್ರವೇ ಓದ್ಬಹುದು. ಅಲ್ಲಿ ನೇರ ಮದ್ದಿನ ಹೆಸರು ಹಾಕಿದ್ರೆ ಸಿಗೋದು ಕಷ್ಟ, ಅರ್ಜಿ ಹಾಕುವಾಗ ಎಷ್ಟೋ ಸಲ ಆ ಹೆಸರೇ ಇರೋದಿಲ್ಲ, ರಾಸಾಯನಿಕದ ವಿವರಣೆ ಮಾತ್ರ ಇರೋದು.

ಒಂದೇ ಮದ್ದಿಗೆ ಮೂರು ನಾಲ್ಕು ಪೇಟೆಂಟ್ ಕಂಡ್ರೆ ಅದನ್ನು ಸ್ವಲ್ಪ ಗಮನ ಇಟ್ಟು ನೋಡಿ. ಮೊದಲನೇದು ಮದ್ದಿನದ್ದು, ಆಮೇಲಿನವು ಅದರ ಲವಣ ಬದಲಿಸಿದ್ದಕ್ಕೆ, ಹರಳಿನ ರೂಪ ಬದಲಿಸಿದ್ದಕ್ಕೆ, ಡೋಸ್ ಬದಲಿಸಿದ್ದಕ್ಕೆ, ಹೀಗೆ 20 ವರ್ಷವನ್ನು ಎಳೀತಾ ಹೋಗೋದು. ಇದನ್ನು ತಡೀಲಿಕ್ಕೆ ನಮ್ಮ ಕಾನೂನಲ್ಲಿ ಸೆಕ್ಷನ್ 3(ಡಿ) ಉಂಟು, ಗುಣ ಹೆಚ್ಚಾಗದೆ ರೂಪ ಮಾತ್ರ ಬದಲಾದ್ರೆ ಪೇಟೆಂಟ್ ಇಲ್ಲ ಅಂತ. ರಕ್ತದ ಕ್ಯಾನ್ಸರಿನ ಗ್ಲಿವೆಕ್ ವಿಷಯದಲ್ಲಿ ನೋವಾರ್ಟಿಸ್ ಕಂಪೆನಿ ಸುಪ್ರೀಂ ಕೋರ್ಟ್ ತನಕ ಹೋಗಿ 2013ರ ಏಪ್ರಿಲ್ 1ಕ್ಕೆ ಸೋತದ್ದು ಇದೇ ಸೆಕ್ಷನ್ನಲ್ಲಿ. ಟಿಬಿಯ ಬೆಡಾಕ್ವಿಲಿನ್ ಇನ್ನೂ ಹತ್ತಿರದ ಉದಾಹರಣೆ, ಟಿಬಿಯಿಂದ ಗುಣ ಆದ ಇಬ್ಬರು ಹೆಣ್ಮಕ್ಕಳೇ ತಕರಾರು ಹಾಕಿದ್ರು, 2023ರಲ್ಲಿ ಪೇಟೆಂಟ್ ಆಫೀಸು ಆ ಮದ್ದು ಮಾಡುವ ಕಂಪೆನಿಯ ಎರಡನೇ ಅರ್ಜಿಯನ್ನು ತಿರಸ್ಕರಿಸಿತು. ಪೇಟೆಂಟ್ ಸಿಗುವ ಮೊದಲು ಯಾರು ಬೇಕಾದ್ರೂ ತಕರಾರು ಹಾಕ್ಬಹುದು, ಅದಕ್ಕೆ ಫಾರಂ 7ಎ. 2024ರ ನಿಯಮದಲ್ಲಿ ಅದಕ್ಕೂ ಫೀಸು ಇಟ್ಟಿದ್ದಾರೆ, ಇದು ನನಗೆ ಸರಿ ಕಾಣೋದಿಲ್ಲ. ಪೇಟೆಂಟ್ ಸಿಕ್ಕಿದ ಮೇಲೆ ಒಂದು ವರ್ಷದೊಳಗೆ ಹಾಕ್ಬಹುದು, ಆದ್ರೆ ಸಂಬಂಧಪಟ್ಟವರು ಮಾತ್ರ. ಒಬ್ಬರೇ ಮಾಡುವ ಕೆಲಸ ಅಲ್ಲ ಇದು, ರೋಗಿಗಳ ಸಂಘ ಮತ್ತು ಪೇಟೆಂಟ್ ಗೊತ್ತಿರುವ ವಕೀಲರು ಒಟ್ಟಿಗೆ ಬೇಕು.

ಸಿಕ್ಕಿದ ಪೇಟೆಂಟಿಗೂ ಮೇಲೊಂದು ದಾರಿ ಉಂಟು, ಕಡ್ಡಾಯ ಲೈಸೆನ್ಸ್, ಅಂದ್ರೆ ಪೇಟೆಂಟ್ ಇದ್ದವರು ಒಪ್ಪದಿದ್ರೂ ಆ ಮದ್ದು ಮಾಡ್ಲಿಕ್ಕೆ ಬೇರೆ ಕಂಪೆನಿಗೆ ಕೊಡುವ ಅನುಮತಿ. ಕ್ಯಾನ್ಸರಿನ ನೆಕ್ಸಾವರ್ ತಿಂಗಳಿಗೆ 2.8 ಲಕ್ಷ ಇದ್ದದ್ದು, 2012ರಲ್ಲಿ ನಾಟ್ಕೋ ಕಂಪೆನಿಗೆ ಲೈಸೆನ್ಸ್ ಕೊಟ್ಟ ಮೇಲೆ ಸುಮಾರು 8,800ಕ್ಕೆ ಬಂತು. ಹೊಸ ಮದ್ದು ಕಂಡುಹಿಡೀಲಿಕ್ಕೆ ವರ್ಷಗಟ್ಟಲೆ ದುಡ್ಡು ಹಾಕ್ತಾರೆ, ಅವರಿಗೆ ಪ್ರತಿಫಲ ಬೇಡ ಅಂತ ನಾನು ಹೇಳೋದಿಲ್ಲ, ಆದ್ರೆ ಹೊಸತು ಅಂದ್ರೆ ನಿಜವಾಗಿ ಹೊಸತಾಗಿರ್ಬೇಕು. ನೋವಿನ ಮಾತ್ರೆ ಐಬುಪ್ರೊಫೆನ್ ನೋಡಿ, ಹಳೇ ವಿಧಾನದಲ್ಲಿ ಆರು ಹಂತ, ಹಾಕಿದ ಕಚ್ಚಾ ವಸ್ತುವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಸ. 1990ರ ದಶಕದಲ್ಲಿ ಬಂದ ಹೊಸ ವಿಧಾನದಲ್ಲಿ ಮೂರೇ ಹಂತ, ಸುಮಾರು 80 ಶೇಕಡಾ ಮದ್ದಾಗಿಯೇ ಹೊರಗೆ ಬರ್ತದೆ. ಇಂಥದ್ದಕ್ಕೆ ಪೇಟೆಂಟ್ ಕೊಟ್ರೆ ಯಾರಿಗೂ ಬೇಜಾರಿಲ್ಲ.

ಕಸದ ಮಾತು ಬಂತು, ಅದೇ ಈಗ ಮುಖ್ಯ. ಹೈದರಾಬಾದ್ ಹತ್ರ ಪಟಾನ್‌ಚೆರು ಅಂತ ಉಂಟು, ಮದ್ದಿನ ಫ್ಯಾಕ್ಟರಿಗಳ ಜಾಗ. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅಲ್ಲಿನ ಶುದ್ಧೀಕರಣ ಘಟಕದಿಂದ ಹೊರಗೆ ಬಿಟ್ಟ ನೀರನ್ನು ನೋಡಿದ್ರೆ ಲೀಟರಿಗೆ 31 ಮಿಲಿಗ್ರಾಂ ತನಕ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಇತ್ತು, ಮದ್ದು ತಗೊಂಡ ಮನುಷ್ಯನ ರಕ್ತದಲ್ಲಿ ಇರುವುದಕ್ಕಿಂತ ಜಾಸ್ತಿ, ಶುದ್ಧ ಮಾಡಿದ ಮೇಲಿನ ನೀರು ಅದು. ಅಂಥ ನೀರಲ್ಲಿ ಬದುಕಿದ ಬ್ಯಾಕ್ಟೀರಿಯಾಗಳಿಗೆ ನಾಳೆ ಆ ಮದ್ದು ತಾಗೋದಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಫ್ಯಾಕ್ಟರಿ ನೀರಲ್ಲಿ ಆಂಟಿಬಯೋಟಿಕ್ಕಿಗೆ ಮಿತಿ ಹಾಕುವ ಕರಡು ತಂದಿತ್ತು, 2021ರಲ್ಲಿ ಅಂತಿಮ ನಿಯಮ ಬರುವಾಗ ಆ ಮಿತಿಗಳೇ ಮಾಯ. ನಿಮ್ಮ ಸ್ಟ್ರಿಪ್ಪಲ್ಲಿ ಬೆಲೆ ಉಂಟು, ತಾರೀಕು ಉಂಟು, ಮಾತ್ರೆ ಮಾಡಿದ ವಿಳಾಸ ಉಂಟು, ಅದರ ಮೂಲ ಪುಡಿ ಯಾವ ಊರಲ್ಲಿ ಆಯ್ತು, ಯಾವ ಹೊಳೆಗೆ ಏನು ಬಿಟ್ರು ಅಂತ ಮಾತ್ರ ಇಲ್ಲ.

ಆ ಹೊಳೆ ದೂರ ಅಂತ ಕಾಸರಗೋಡಿನವರು ಹೇಳುವ ಹಾಗಿಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಹೊಡೆದದ್ದನ್ನು ನೋಡಿದ ಊರು ನಮ್ದು. ಅದು ಕೀಟನಾಶಕ, ಮದ್ದಲ್ಲ, ಸರಿ, ಆದ್ರೆ 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ ಮೇಲೂ ಉಳಿದ ಸ್ಟಾಕ್ ಏನು ಮಾಡೋದು ಅಂತ ಗೊತ್ತಾಗದೆ ಗೋಡೌನಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಉಳಿದದ್ದರ ಲೆಕ್ಕ ಮೊದಲೇ ಹಾಕ್ಬೇಕು. ನಮ್ಮ ಮುರಕಲ್ಲಿನ ಗುಡ್ಡದ ಮೇಲೆ ಬಿದ್ದ ಮಳೆ ಇಳಿದು ಇಳಿದು ಸುರಂಗಕ್ಕೆ, ಬಾವಿಗೆ ಬರೋದು, ಕುಡಿಯೋದು ಅದನ್ನೇ.

ಆದ್ದರಿಂದ ಡೇಟ್ ಆದ ಮದ್ದನ್ನು ಗೊಬ್ಬರದ ಗುಂಡಿಗೆ ಹಾಕ್ಬೇಡಿ, ಕಕ್ಕಸಿಗೆ ಸುರೀಬೇಡಿ, ಸೋಗೆ ಮಡಲಿನ ಒಟ್ಟಿಗೆ ಸುಡ್ಬೇಡಿ. ಮುಚ್ಚಳ ಗಟ್ಟಿ ಇರುವ ಒಂದು ಡಬ್ಬ ಬೇರೆ ಇಡಿ, ಮಕ್ಕಳ ಕೈಗೆ ಸಿಗದ ಕಡೆ, ಮಾತ್ರೆಯನ್ನು ಸ್ಟ್ರಿಪ್ಪಿಂದ ತೆಗೀಬೇಡಿ, ಸಿರಪ್ಪನ್ನು ಬಾಟ್ಲಿಯಲ್ಲೇ ಬಿಡಿ, ಇಂಜೆಕ್ಷನ್ ಸೂಜಿ ಅದ್ರಲ್ಲಿ ಹಾಕ್ಬೇಡಿ, ಅದು ಬೇರೆ ಗಟ್ಟಿ ಡಬ್ಬದಲ್ಲಿ. ಖಾಲಿ ಸ್ಟ್ರಿಪ್ ಮಾತ್ರ ಮನೆ ಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ, ಒಳಗೆ ಮಾತ್ರೆ ಇದ್ದದ್ದನ್ನು ಅವರ ಚೀಲಕ್ಕೆ ತುರುಕಿಸ್ಬೇಡಿ, ಆ ಅಕ್ಕಂದಿರು ಕೈಯಲ್ಲೇ ಬೇರೆ ಮಾಡೋದು. ಪ್ಯಾಲಿಯೇಟಿವ್ ರೋಗಿ ಇದ್ದ ಮನೆಯಲ್ಲಿ ಮಾರ್ಫಿನ್, ಫೆಂಟನಿಲ್ ಪ್ಯಾಚ್‌ನಂಥ ಜೋರು ನೋವಿನ ಮದ್ದು ಉಳಿದಿದ್ರೆ ಒಂದು ದಿನವೂ ಇಡದೆ ಪ್ಯಾಲಿಯೇಟಿವ್ ನರ್ಸಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾಡಿ, ಅಂಥ ಮದ್ದು ಸ್ವಲ್ಪ ಮಗುವಿನ ಬಾಯಿಗೆ ಹೋದ್ರೂ ಜೀವಕ್ಕೇ ಅಪಾಯ.

ಹಟ್ಟಿಯ ಮದ್ದೂ ಇದೇ ಲೆಕ್ಕ. ದನಕ್ಕೆ ಜ್ವರ ನೋವು ಅಂತ ಮನುಷ್ಯರ ಡೈಕ್ಲೋಫೆನಾಕ್ ಕೊಡ್ಲೇಬಾರದು, ಅದನ್ನು ಕೊಟ್ಟ ದನ ಸತ್ತ ಮೇಲೆ ಅದರ ಮಾಂಸ ತಿಂದೇ ದೇಶದ ರಣಹದ್ದುಗಳು ಸತ್ತು ಮುಗಿಯುವ ಹಂತಕ್ಕೆ ಬಂದದ್ದು, ದನಕರುಗಳಿಗೆ ಅದು 2006ರಿಂದ ನಿಷೇಧ. ಅದರ ಬದಲು ಮೆಲಾಕ್ಸಿಕಾಂ ಉಂಟು, ವೆಟರ್ನರಿ ಡಾಕ್ಟ್ರ ಹತ್ರ ಅದನ್ನೇ ಕೇಳಿ. ಉಬ್ಬಸದವರಿಗೂ ಒಂದು ಮಾತು, ಗ್ಯಾಸಿನ ಇನ್‌ಹೇಲರ್ ಪಂಪಿನಲ್ಲಿ ಇರುವ ಎಚ್‌ಎಫ್‌ಎ 134ಎ ಅನಿಲ ಇಂಗಾಲದ ಡೈ ಆಕ್ಸೈಡಿನ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯ ಬಿಸಿ ಏರಿಸುವಂಥದ್ದು, ರೋಟಾಕ್ಯಾಪ್ ಹಾಕಿ ಎಳೆಯುವ ಪುಡಿಯ ಇನ್‌ಹೇಲರಲ್ಲಿ ಆ ಅನಿಲ ಇಲ್ಲ. ನಿಮಗೆ ಪುಡಿ ಆಗ್ತದಾ ಅಂತ ಡಾಕ್ಟ್ರ ಹತ್ರ ಕೇಳಿ, ನೀವಾಗಿ ಮಾತ್ರ ಬದಲಿಸ್ಬೇಡಿ, ಉಸಿರಿನ ವಿಷಯ.

ಈಗ ಆ ಡಬ್ಬ ತುಂಬಿದ ಮೇಲೆ ಎಲ್ಲಿಗೆ? ಕೇರಳದ ಡ್ರಗ್ಸ್ ಕಂಟ್ರೋಲ್ ಇಲಾಖೆ ಎನ್‌ಪ್ರೌಡ್ ಅಂತ ಹೇಳಿ 2025ರಲ್ಲಿ ಕೋಝಿಕ್ಕೋಡ್ ನಗರದಲ್ಲಿ ಮತ್ತೆ ಉಳ್ಳಿಯೇರಿ ಪಂಚಾಯತಿನಲ್ಲಿ ಹಳೇ ಮದ್ದು ಸಂಗ್ರಹ ಶುರು ಮಾಡಿತು. ಅಲ್ಲಿ ಆದದ್ದು ಎಣ್ಮಕಜೆಯಲ್ಲಿ, ಬದಿಯಡ್ಕದಲ್ಲಿ, ಕುಂಬಳೆಯಲ್ಲಿ ಯಾಕೆ ಆಗ್ಬಾರದು? 2016ರ ಘನತ್ಯಾಜ್ಯ ನಿಯಮದಲ್ಲೇ ಹಳೇ ಮದ್ದನ್ನು ಮನೆಯ ಅಪಾಯಕಾರಿ ತ್ಯಾಜ್ಯ ಅಂತ ಸೇರಿಸಿ, ಅದನ್ನು ತಗೊಳ್ಳುವ ವ್ಯವಸ್ಥೆ ಸ್ಥಳೀಯ ಸಂಸ್ಥೆಯ ಕೆಲಸ ಅಂತ ಹೇಳಿದ್ರು. ಹಾಗಾಗಿ ಪಂಚಾಯತ್ ಸೆಕ್ರೆಟರಿಗೆ ಒಂದು ಅರ್ಜಿ ಬರೀರಿ, ಕನ್ನಡದಲ್ಲೇ ಬರೀರಿ, 1969ರ ಕೇರಳದ ಭಾಷಾ ಕಾನೂನಿನಲ್ಲಿ ನಮ್ಮ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ನಮಗುಂಟು. ಇಷ್ಟು ಸಾಕು: "ನಮ್ಮ ವಾರ್ಡಿನ ಮನೆಗಳಿಂದ ಅವಧಿ ಮೀರಿದ ಔಷಧಿಗಳನ್ನು ಸಂಗ್ರಹಿಸಲು ಪಂಚಾಯತಿನ ವತಿಯಿಂದ ಯಾವ ವ್ಯವಸ್ಥೆ ಇದೆ, ಸಂಗ್ರಹಿಸಿದ್ದನ್ನು ಯಾವ ಸಂಸ್ಥೆಗೆ ಕಳುಹಿಸಲಾಗುತ್ತದೆ, ವ್ಯವಸ್ಥೆ ಇಲ್ಲದಿದ್ದಲ್ಲಿ ಯಾವಾಗ ಆರಂಭಿಸಲಾಗುವುದು ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ." ಎರಡು ಕಾಪಿ ಮಾಡಿ, ಒಂದಕ್ಕೆ ಸೀಲ್ ಮತ್ತು ತಾರೀಕು ಹಾಕಿಸಿ ಇಟ್ಕೊಳ್ಳಿ. ಉತ್ತರ ಬಾರದಿದ್ರೆ ಇದೇ ಪ್ರಶ್ನೆಗಳನ್ನು 10 ರೂಪಾಯಿ ಫೀಸು ಕಟ್ಟಿ ಮಾಹಿತಿ ಹಕ್ಕಿನಲ್ಲಿ ಹಾಕಿ, ಅದಕ್ಕೆ 30 ದಿನದೊಳಗೆ ಅವರು ಉತ್ತರ ಕೊಡ್ಲೇಬೇಕು. ಅಲ್ಲಿ ತನಕ ಡಬ್ಬದ ಮುಚ್ಚಳ ಗಟ್ಟಿ ಹಾಕಿಡಿ.