ಹಾರ್ನೆಸ್ ಮೈಮೇಲಿದೆ, ಹುಕ್ ಮಾತ್ರ ಸೊಂಟದಲ್ಲೇ ತೂಗುತ್ತಿದೆ

ಕಟ್ಟಡದ ಕೆಲಸದಲ್ಲಿ ಹಾರ್ನೆಸ್ (ಬಿದ್ದರೆ ತಡೆಯಲು ಮೈಗೆ ಕಟ್ಟುವ ಪಟ್ಟಿ) ಹಂಚಿ ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡರೆ ಸುರಕ್ಷತೆ ಬಂದುಬಿಡುವುದಿಲ್ಲ. ಸ್ಲ್ಯಾಬ್ ಅಂಚಿಗೆ ಹೋಗಿ ನೋಡಿ: ಹುಕ್ ಎಲ್ಲಿಗೂ ಸಿಕ್ಕಿಸಿರುವುದಿಲ್ಲ. ಇದನ್ನು ಕೆಲಸಗಾರನ ಉದಾಸೀನ ಎಂದು ದಂಡ ಹಾಕುವುದನ್ನು ನಾವು ಮೊದಲು ನಿಲ್ಲಿಸಿದೆವು. ಸಿಕ್ಕಿಸಲು ಗಟ್ಟಿ ಜಾಗವೇ ಇಲ್ಲದಿದ್ದರೆ ಅವನಾದರೂ ಏನು ಮಾಡಬೇಕು?

ಹುಕ್ ಸಿಕ್ಕಿಸುವ ಆಧಾರ ಬಿಂದು, ಅಂದರೆ ಆಂಕರ್, ಒಬ್ಬರಿಗೆ 22 ಕಿಲೋನ್ಯೂಟನ್, ಅಂದರೆ ಸುಮಾರು 2.2 ಟನ್ ಭಾರ ತಡೆಯಬೇಕು. ಸಾರುವೆಯ ಅಡ್ಡ ಪೈಪು, ಬೈಂಡಿಂಗ್ ವೈರಿನಲ್ಲಿ ಕಟ್ಟಿದ ಕಂಬಿ ಇದಕ್ಕೆ ಆಗುವುದಿಲ್ಲ. ಹಾಗಾಗಿ ಕಾಲಂ ಡ್ರಾಯಿಂಗಿನಲ್ಲೇ ಆಂಕರ್ ಗುರುತಿಸಿ, ಕಾಂಕ್ರೀಟಿಗೆ ಮುಂಚೆಯೇ ಕೂರಿಸಿದೆವು.

ಬಿದ್ದವನು ಎಷ್ಟು ಕೆಳಗೆ ಹೋಗುತ್ತಾನೆ ಎಂಬ ಲೆಕ್ಕವನ್ನು ಬಹಳ ಜನ ಮಾಡುವುದೇ ಇಲ್ಲ. ಲ್ಯಾನ್‌ಯಾರ್ಡ್ (ಹಾರ್ನೆಸ್ಸಿನಿಂದ ಹುಕ್ಕಿಗೆ ಹೋಗುವ ಹಗ್ಗ) 1.8 ಮೀಟರ್, ಬಿದ್ದ ಹೊಡೆತ ತಗ್ಗಿಸುವ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಳ್ಳುವುದು ಸುಮಾರು 1.1, ಹಗ್ಗ ಸೇರುವ ಬೆನ್ನಿನ ಡಿ-ರಿಂಗಿನಿಂದ ಪಾದಕ್ಕೆ 1.5, ಪಾದದ ಕೆಳಗೆ ಉಳಿಯಬೇಕಾದ ಅಂತರ 1 ಮೀಟರ್: ಒಟ್ಟು 5.4. ಮಾಡೆಲ್ ನೋಡಿದರೆ ಇನ್ನೂ ಹೆಚ್ಚಾಗಬಹುದು. ಆಂಕರಿನಿಂದ ಕೆಳಗೆ ಅಷ್ಟು ಖಾಲಿ ಜಾಗ ಇಲ್ಲದಿದ್ದರೆ, ಹುಕ್ ಹಾಕಿದವನೂ ಕೆಳಗಿನ ಸ್ಲ್ಯಾಬಿಗೆ ಬಡಿಯುತ್ತಾನೆ. ಮೂರು ಮೀಟರ್ ಮಹಡಿಯಲ್ಲಿ ಅಂಚೇ ಮುಟ್ಟದಷ್ಟು ಗಿಡ್ಡ ಹಗ್ಗ, ಇಲ್ಲವೇ ಅಂಚಿಗೆ ಕಂಬಿಯ ತಡೆ, ಅಂದರೆ ಗಾರ್ಡ್‌ರೈಲೇ ಸರಿ: ಮೇಲಿನ ಕಂಬಿ 1.1 ಮೀಟರ್ ಎತ್ತರಕ್ಕೆ, ಮಧ್ಯೆ ಒಂದು, ಬುಡದಲ್ಲಿ ಕನಿಷ್ಠ 100 ಮಿಲಿಮೀಟರಿನ ಟೋ ಬೋರ್ಡ್ (ಅಡ್ಡ ಹಲಗೆ).

ನಿಜವಾದ ಅಡ್ಡಿ ದುಡ್ಡಿನದು. ತುಂಡು ಗುತ್ತಿಗೆಯಲ್ಲಿ ಕೂಲಿ ಬರುವುದು ಚದರ ಮೀಟರಿಗೆ. ಹುಕ್ ಬದಲಿಸಲು ಹೋದ ಹೊತ್ತು ಮೇಸ್ತ್ರಿಯ ಜೇಬಿನಿಂದ ಹೋಗುತ್ತದೆ. 'ಸುರಕ್ಷತೆ ದರದಲ್ಲೇ ಸೇರಿದೆ' ಎಂದು ಟೆಂಡರಿನಲ್ಲಿ ಬರೆದರೆ, ಖರ್ಚು ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ನಾವು ಗಾರ್ಡ್‌ರೈಲನ್ನು ರನ್ನಿಂಗ್ ಮೀಟರಿನಲ್ಲಿ ಅಳೆದು ಬಿಲ್ಲಿಗೆ ಸೇರಿಸಿದೆವು. ಅಳತೆ ಇದ್ದಷ್ಟೇ ಹಣ.

ಎಂಜಿನಿಯರಿಗೆ ಸ್ಲ್ಯಾಬ್ ತಾರೀಖಿನದೇ ಚಿಂತೆ. ಆದ್ದರಿಂದ ಅಂಚಿನ ರೈಲು, ಆಂಕರ್, ಏಣಿ ಎಂದು ಪೋರ್ ಕಾರ್ಡಿಗೇ (ಕಾಂಕ್ರೀಟ್ ಹಾಕುವ ಮುನ್ನ ಸಹಿ ಮಾಡುವ ಪಟ್ಟಿ) ಮೂರು ಸಾಲು ಸೇರಿಸಿದೆವು. ಮೂರಕ್ಕೂ ಸಹಿ ಬೀಳದೆ ಕಾಂಕ್ರೀಟ್ ಆರ್ಡರ್ ಇಲ್ಲ. ಇಷ್ಟು ಕೆಲಸ ಮಾಡಿದ ಕ್ರಮ ಬೇರೊಂದಿಲ್ಲ.

ಹೊಸಬರು ದಿನವೂ ಬರುತ್ತಾರೆ. ಬೆಳಗಿನ ಹತ್ತು ನಿಮಿಷದ ಮಾತನ್ನು ಕೆಲಸದ ಜಾಗದಲ್ಲೇ, ಒಂದೇ ಅಪಾಯದ ಬಗ್ಗೆ ಇಟ್ಟುಕೊಳ್ಳಿ. ಕೊನೆಗೆ ಅವರ ಕೈಯಿಂದಲೇ ಹುಕ್ ಹಾಕಿಸಿ ನೋಡಿ.

ಶಟರಿಂಗ್ (ಕಾಂಕ್ರೀಟಿನ ಅಚ್ಚು) ಬಿಚ್ಚುವ ದಿನ ಮಾತ್ರ ಹೆಚ್ಚು ಎಚ್ಚರ ಬೇಕು. ರೈಲಿನ ಕಂಬಗಳನ್ನು ಶಟರಿಗೇ ಬಿಗಿದಿದ್ದರೆ ಅದರ ಜೊತೆ ಅವೂ ಹೋಗುತ್ತವೆ, ಅಂಚು ಬಯಲಾಗುತ್ತದೆ. ಅದಕ್ಕೆ ಸ್ಲ್ಯಾಬಿನಲ್ಲೇ ಪೈಪ್ ಸ್ಲೀವ್ ಹೂತು, ಕಂಬವನ್ನು ಅದರೊಳಗೆ ನಿಲ್ಲಿಸುತ್ತೇವೆ. ಗೋಡೆ ಏಳುವವರೆಗೂ ಅದು ಅಲ್ಲೇ ಇರುತ್ತದೆ.