ವಿಡಿಯೋ ಎಡಿಟಿಂಗ್‌ನಿಂದ ಆಡಿಯೋವನ್ನು ಸ್ಟುಡಿಯೋಗೆ ಕಳಿಸುವ ಮುಂಚೆ ಇಷ್ಟು ನೋಡಿಕೊಳ್ಳಿ

ಕಲಬುರಗಿ, ಬೀದರ್ ಕಡೆ ತತ್ವಪದ, ಭಜನೆ ವಿಡಿಯೋ ಮಾಡುವ ಗೆಳೆಯರೇ, ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕಟ್ ಮಾಡಿದ ಆಡಿಯೋವನ್ನು ಮಿಕ್ಸಿಂಗ್‌ಗೆ (ದನಿ, ವಾದ್ಯಗಳನ್ನು ಹದವಾಗಿ ಬೆರೆಸೋಕೆ) ಕೊಡುವಾಗ ದಯವಿಟ್ಟು ಒಂದೇ ಎಂಪಿ3 ಮಾಡಿ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ತಬಲಾ, ಹಾರ್ಮೋನಿಯಂ, ದನಿ ಎಲ್ಲ ಒಂದರಲ್ಲೇ ಸೇರಿಬಿಟ್ಟರೆ ಮಿಕ್ಸ್ ಮಾಡುವವರಿಗೆ ಬಿಡಿಸೋಕೆ ಬರಲ್ಲ. ಅದೂ ಅಲ್ಲದೆ ಎಂಪಿ3 ಶುರುವಿನಲ್ಲಿ ಚೂರು ಖಾಲಿ ಜಾಗ ಸೇರಿಕೊಳ್ಳುತ್ತದೆ, ತುಟಿಗೂ ದನಿಗೂ ಹೊಂದಲ್ಲ.

ಪ್ರೊ ಟೂಲ್ಸ್ ಎಂಬ ಆಡಿಯೋ ಸಾಫ್ಟ್‌ವೇರ್ ಇರುವವರಿಗೆ ಎಎಎಫ್ ಕೊಡಿ, ಅಂದರೆ ಕಟ್‌ಗಳು, ಟ್ರ್ಯಾಕ್‌ಗಳು ಬೇರೆ ಬೇರೆಯಾಗಿಯೇ ಉಳಿಯುವ ಫೈಲ್. ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎರಡೂ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಇದನ್ನು ತೆಗೆಯುವ ಸೌಲಭ್ಯ ಇದೆ. ಹ್ಯಾಂಡಲ್ (ಪ್ರತಿ ಕಟ್‌ನ ಹಿಂದೆ ಮುಂದೆ ಉಳಿಸುವ ಹೆಚ್ಚುವರಿ ಆಡಿಯೋ) ಒಂದೆರಡು ಸೆಕೆಂಡ್ ಇಡಿ, ಆಗ ಕಟ್ ಆದ ಉಸಿರು, ತಾಳದ ಗುಂಗು ವಾಪಸ್ ಎಳೆದುಕೊಳ್ಳಬಹುದು. ಇಂಥದೇ ಹಳೆಯ ಫೈಲ್ ಬಗೆಯಾದ ಓಎಂಎಫ್‌ಗೆ 2 ಜಿಬಿ ಮಿತಿ ಇದೆ, ರಾತ್ರಿಯೆಲ್ಲ ನಡೆಯುವ ಭಜನೆಗೆ ಅದು ಸಾಲುವುದಿಲ್ಲ. ಆ್ಯಪಲ್‌ನ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್‌ನಿಂದ ಅದರದೇ ಆಡಿಯೋ ಸಾಫ್ಟ್‌ವೇರ್ ಲಾಜಿಕ್‌ಗಾದರೆ ಎಕ್ಸ್‌ಎಂಎಲ್ ಫೈಲ್ ಸಾಕು. ರೀಪರ್ ಎಂಬ ಆಡಿಯೋ ಸಾಫ್ಟ್‌ವೇರ್ ನೇರವಾಗಿ ಎಎಎಫ್ ತೆರೆಯಲ್ಲ, ಅದನ್ನು ಬಳಸುವವರಿಗೆ ಪ್ರತಿ ಟ್ರ್ಯಾಕ್ ಬೇರೆ ಬೇರೆ ವೇವ್ ಫೈಲ್ ಮಾಡಿ, ಎಲ್ಲವೂ ಟೈಮ್‌ಲೈನ್‌ನ ಸೊನ್ನೆಯಿಂದಲೇ ಶುರುವಾಗಲಿ.

ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದು ದಾಖಲಿಸುತ್ತದೆ ಎಂಬ ಲೆಕ್ಕ) ಮಾತ್ರ ಮರೆಯಬೇಡಿ ರೀ! ವಿಡಿಯೋಗೆ 48,000, 24 ಬಿಟ್. 44,100ರ ಫೈಲನ್ನು ಪರಿವರ್ತಿಸದೆ 48,000 ಅಂತ ಓಡಿಸಿದರೆ ಹಾಡು ಬೇಗ ಬೇಗ ಓಡುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಹಿರಿಯ ಗಾಯಕರ ದನಿ ಹಾಗೆ ಕೆಡಿಸುವುದು ನ್ಯಾಯವಲ್ಲ, ಅಲ್ವಾ?

ಮೊಬೈಲ್‌ನಲ್ಲಿ ತೆಗೆದ ವಿಡಿಯೋ ಇದ್ದರೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಮೊದಲೇ ಸ್ಥಿರ ಫ್ರೇಮ್ ರೇಟ್‌ಗೆ (ಪ್ರತಿ ಸೆಕೆಂಡಿಗೂ ಅಷ್ಟೇ ಚಿತ್ರಗಳು) ತನ್ನಿ, ಆಮೇಲೆ ಎಡಿಟ್ ಮಾಡಿ. ಎಡಿಟಿಂಗ್‌ನಲ್ಲಿ ಹಾಕಿದ ಆಡಿಯೋ ಎಫೆಕ್ಟ್‌ಗಳು ಸಾಮಾನ್ಯವಾಗಿ ಮಿಕ್ಸಿಂಗ್ ಕಡೆಗೆ ಹೋಗಲ್ಲ, ತೆಗೆದೇ ಕಳಿಸಿ. ಜೊತೆಗೆ ಮಿಕ್ಸ್ ಮಾಡುವವರು ಹೋಲಿಸಿ ನೋಡೋಕೆ ಒಂದು ಚಿಕ್ಕ ರೆಫರೆನ್ಸ್ ವಿಡಿಯೋ ಇಡಿ.